ಫ್ರೀಲಾನ್ಸರ್ ಕೆಲಸ: ಪಾಸ್‌ವರ್ಡ್ ಯಾರ ಕೈಲಿ?

ಸಂಪಾದಕರಿಗೆ,

ಮಾನ್ಯರೇ,

ಅಂಗಡಿ, ಹೋಟೆಲ್, ಮಸಾಲೆ ಪುಡಿ ಘಟಕ, ಕ್ಲಿನಿಕ್, ಸಣ್ಣ ಕಾರ್ಖಾನೆ, ಯಾವುದನ್ನು ನೋಡಿದರೂ ಈಗ ಅರ್ಧ ಕೆಲಸ ಹೊರಗಿನವರ ಕೈಯಲ್ಲಿದೆ. ಜಿಎಸ್‌ಟಿ ರಿಟರ್ನ್ ತುಂಬುವವರು ತಿಂಗಳಿಗೆ ಒಂದೆರಡು ಸಲ ಬಂದು ಹೋಗುತ್ತಾರೆ. ವೆಬ್‌ಸೈಟ್ ಮಾಡಿಕೊಟ್ಟವರು ಬೇರೆ ಊರಲ್ಲಿರುತ್ತಾರೆ, ಮುಖ ನೋಡಿದ್ದೇ ಇಲ್ಲ. ಪ್ಯಾಕೆಟ್‌ ವಿನ್ಯಾಸ ಮಾಡುವವರು, ರೀಲ್ ಮಾಡುವವರು, ಕ್ಯಾಟಲಾಗ್ ಅನುವಾದಿಸುವವರು ಎಲ್ಲ ಫ್ರೀಲಾನ್ಸರ್‌ಗಳೇ. ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳುವಷ್ಟು ಕೆಲಸ ಇಲ್ಲದಿದ್ದಾಗ ಇದೇ ಸರಿಯಾದ ದಾರಿ. ಎಡವಟ್ಟಾಗುವುದು ಕೆಲಸ ಒಪ್ಪಿಸುವ ರೀತಿಯಲ್ಲಿ. ಮೊದಲ ಫೋನಿನಲ್ಲೇ ‘ಎಷ್ಟು ತಗೊಳ್ತೀರಿ?’ ಎಂಬ ಪ್ರಶ್ನೆ. ಹತ್ತು ಸಾವಿರ ಅಂದದ್ದನ್ನು ಏಳಕ್ಕೆ ಇಳಿಸಿದರೆ ಗೆದ್ದ ಸಮಾಧಾನ. ಲಾಗಿನ್ ಯಾರ ಇಮೇಲ್‌ನಲ್ಲಿರುತ್ತದೆ, ಮೂಲ ಫೈಲ್ ಯಾರ ಹತ್ತಿರ ಉಳಿಯುತ್ತದೆ, ಕೆಲಸ ‘ಮುಗೀತು’ ಅನ್ನುವುದು ಯಾವಾಗ? ಇದನ್ನು ಕೇಳುವವರೇ ಇಲ್ಲ. ಆಮೇಲೆ ಹುಟ್ಟುವ ತಕರಾರುಗಳನ್ನು ಬಿಡಿಸಿ ನೋಡಿದರೆ ದರಕ್ಕಿಂತ ಹೆಚ್ಚಾಗಿ ಈ ಮೂರೇ ಬುಡದಲ್ಲಿರುತ್ತವೆ.

ಇವುಗಳಲ್ಲೆಲ್ಲ ಹೆಚ್ಚು ಅಪಾಯದ್ದು ಲೆಕ್ಕಪತ್ರದ ಕೆಲಸ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎದ್ದ ಗದ್ದಲ ಓದುಗರಿಗೆ ನೆನಪಿದೆ. ಅಂಥ ಸಮಯದಲ್ಲಿ ಗಾಬರಿಯಿಂದ ನೋಂದಣಿ ಮಾಡಿಸುವವರು ‘ಒಟಿಪಿಗೆ ನಿಮ್ಮನ್ನ ಪದೇ ಪದೇ ಯಾಕೆ ಕಾಡೋದು’ ಎಂಬ ಮಾತಿಗೆ ತಲೆಯಾಡಿಸಿ, ಅರ್ಜಿಯಲ್ಲಿ ಅಕೌಂಟೆಂಟರ ಮೊಬೈಲ್ ನಂಬರನ್ನೇ ಹಾಕಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ಇಲಾಖೆ ಕಳಿಸುವ ಪ್ರತಿ ಎಸ್‌ಎಂಎಸ್, ಪ್ರತಿ ಮೇಲ್ ಅವರಿಗೇ ಹೋಗುತ್ತದೆ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 169ರ ಪ್ರಕಾರ ಪೋರ್ಟಲ್‌ನಲ್ಲಿ ನೋಟಿಸ್ ಹಾಕುವುದೂ ಜಾರಿ ಮಾಡುವ ಒಂದು ವಿಧಾನ. ಅಂಚೆಯಲ್ಲಿ ಕಾಗದ ಬಂದಿಲ್ಲ ಎಂಬುದನ್ನಷ್ಟೇ ನೆಚ್ಚಿಕೊಳ್ಳಲಾಗದು. ಪ್ರತಿ ತಿಂಗಳು ರಿಟರ್ನ್ ಹಾಕುವವರು ಸತತ ಆರು ತಿಂಗಳು ಹಾಕದಿದ್ದರೆ ನೋಂದಣಿ ರದ್ದು ಮಾಡಬಹುದು, ಮೂರು ತಿಂಗಳಿಗೊಮ್ಮೆ ಹಾಕುವವರಿಗೆ ಎರಡು ತ್ರೈಮಾಸಿಕ. ಆದೇಶದ ವಿರುದ್ಧ ಮೇಲ್ಮನವಿಗೆ ಇರುವುದು ಮೂರು ತಿಂಗಳು, ತಕ್ಕ ಕಾರಣವಿದ್ದರೆ ಮೇಲೊಂದು ತಿಂಗಳು. ಮಾಲೀಕರಿಗೆ ವಿಷಯ ತಿಳಿಯುವುದು ಬಹಳ ಸಲ ಬ್ಯಾಂಕ್ ಖಾತೆ ಜಪ್ತಿಯಾದಾಗ, ಅಥವಾ ದೊಡ್ಡ ಗಿರಾಕಿಯೊಬ್ಬರು ‘ನಿಮ್ಮ ನಂಬರ್ ರದ್ದಾಗಿದೆ, ಇನ್‌ಪುಟ್ (ಖರೀದಿಗೆ ಕಟ್ಟಿದ ತೆರಿಗೆಯ ಕಡಿತ) ಸಿಗ್ತಿಲ್ಲ’ ಎಂದು ಬಿಲ್ ವಾಪಸ್ ಕಳಿಸಿದಾಗ.

ಸರಿಪಡಿಸುವುದು ಕಷ್ಟವಲ್ಲ. ಪೋರ್ಟಲ್‌ಗೆ ಹೋಗಿ ನೋಂದಣಿಯ ‘ನಾನ್ ಕೋರ್’ ತಿದ್ದುಪಡಿಯಲ್ಲಿ ಮಾಲೀಕರ ಮೊಬೈಲ್, ಇಮೇಲ್ ಹಾಕಿ ಒಟಿಪಿ ಕೊಟ್ಟರೆ ಆಯಿತು, ಇದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ಪಾಸ್‌ವರ್ಡೇ ಗೊತ್ತಿಲ್ಲ, ಅಕೌಂಟೆಂಟರು ಫೋನ್ ಎತ್ತುತ್ತಿಲ್ಲ ಎಂದಾದರೆ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ನಿಮ್ಮ 15 ಅಂಕಿ–ಅಕ್ಷರಗಳ ಜಿಎಸ್‌ಟಿ ನಂಬರ್ ಹಾಕಿ. ಲಾಗಿನ್ ಇಲ್ಲದೆಯೂ ನಿಮ್ಮದು ಯಾವ ಅಧಿಕಾರಿಯ ವ್ಯಾಪ್ತಿ ಎಂದು ತೋರಿಸುತ್ತದೆ. ಆ ಕಚೇರಿಗೆ ಪ್ಯಾನ್, ಗುರುತಿನ ಚೀಟಿ, ವ್ಯಾಪಾರದ ದಾಖಲೆ ಸಹಿತ ಅರ್ಜಿ ಕೊಟ್ಟರೆ ಅಧಿಕಾರಿಯೇ ಹೊಸ ಇಮೇಲ್, ಮೊಬೈಲ್ ಸೇರಿಸಿ ತಾತ್ಕಾಲಿಕ ಪಾಸ್‌ವರ್ಡ್ ಬರುವಂತೆ ಮಾಡುತ್ತಾರೆ. ಅಕೌಂಟೆಂಟರ ಮೇಲೆ ಪೊಲೀಸ್ ದೂರು ಎಂದು ಓಡುವ ಮೊದಲು ಈ ದಾರಿ ಹಿಡಿಯಿರಿ.

ಕೆಲಸ ಮಾಡಲು ಅವರಿಗೆ ನಿಮ್ಮ ಪಾಸ್‌ವರ್ಡ್ ಬೇಕೇಬೇಕು ಎಂಬುದೂ ಪೂರ್ತಿ ನಿಜವಲ್ಲ. ಅವರು ನೋಂದಾಯಿತ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿದ್ದರೆ ನಿಮ್ಮ ಲಾಗಿನ್‌ನಿಂದ ಅವರನ್ನು ‘ಎಂಗೇಜ್’ ಮಾಡಿಕೊಳ್ಳಬಹುದು. ಅವರ ಲಾಗಿನ್‌ನಲ್ಲೇ ರಿಟರ್ನ್ ಸಿದ್ಧಪಡಿಸುತ್ತಾರೆ, ಸಂಬಂಧ ಮುಗಿದ ದಿನ ‘ಡಿಸ್‌ಎಂಗೇಜ್’ ಮಾಡಿದರೆ ಮುಗಿಯಿತು. ಇ–ವೇ ಬಿಲ್ ಪೋರ್ಟಲ್‌ನಲ್ಲಿ ಸಬ್ ಯೂಸರ್ ಮಾಡಿಕೊಡುವ ಸೌಲಭ್ಯವಿದೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಮಾತ್ರ ಯಾವ ಮುಲಾಜಿಗೂ ಹೊರಗೆ ಬಿಡಬೇಡಿ. ಕಂಪನಿ, ಎಲ್‌ಎಲ್‌ಪಿಗಳಿಗೆ ಅದು ಕಡ್ಡಾಯ. ಆ ಟೋಕನ್ ಮತ್ತು ಅದರ ಪಿನ್ ಒಬ್ಬರ ಬ್ಯಾಗಿನಲ್ಲಿದ್ದರೆ ನಿಮ್ಮ ಸಹಿಯೇ ಅವರ ಬ್ಯಾಗಿನಲ್ಲಿದ್ದಂತೆ.

ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದ ದತ್ತಾಂಶ ಇನ್ನೊಂದು. ಲೆಕ್ಕವೆಲ್ಲ ಅಕೌಂಟೆಂಟರ ಲ್ಯಾಪ್‌ಟಾಪ್‌ನಲ್ಲಿ, ಅಂಗಡಿಯಲ್ಲಿ ಬರೀ ಬಿಲ್ ಬುಕ್. ಪ್ರತಿ ತಿಂಗಳು ರಿಟರ್ನ್ ಹಾಕಿದ ಮರುದಿನ ಬ್ಯಾಕಪ್ ಫೈಲ್ ನಿಮ್ಮ ಪೆನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಬರಲಿ, ಬಂದದ್ದನ್ನು ವರ್ಷಕ್ಕೆರಡು ಸಲವಾದರೂ ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಟ್ಯಾಲಿವಾಲ್ಟ್ (ದತ್ತಾಂಶಕ್ಕೆ ಬೀಗ ಹಾಕುವ) ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಅದು ಮರೆತರೆ ದತ್ತಾಂಶ ವಾಪಸ್ ತೆಗೆಯುವ ದಾರಿಯೇ ಇಲ್ಲ, ಯಾರು ಏನೇ ಹೇಳಿದರೂ. ಹೊಸ ಅಕೌಂಟೆಂಟರನ್ನು ಗೊತ್ತುಮಾಡುವಾಗ ಎಷ್ಟು ವರ್ಷದ ಅನುಭವ ಎಂದು ಕೇಳುವುದಕ್ಕಿಂತ, ದುಡ್ಡು ಕೊಟ್ಟು ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ಹಾಕಿಸಿ, ಆ ತಿಂಗಳ ಜಿಎಸ್‌ಟಿಆರ್–2ಬಿ (ಸರಬರಾಜುದಾರರು ತೋರಿಸಿದ ಬಿಲ್‌ಗಳ ಪೋರ್ಟಲ್ ಪಟ್ಟಿ) ಜೊತೆ ಖರೀದಿ ಬಿಲ್‌ಗಳನ್ನು ಹೋಲಿಸಿ ಪಟ್ಟಿ ಕೊಡಿ ಎನ್ನಿ. ಯಾವ ಸರಬರಾಜುದಾರರು ರಿಟರ್ನ್ ಹಾಕಿಲ್ಲ, ಎಷ್ಟು ಇನ್‌ಪುಟ್ ಕೈತಪ್ಪುತ್ತಿದೆ ಎಂದು ಆ ಒಂದು ಹಾಳೆಯಲ್ಲಿ ಹೇಳಬಲ್ಲವರು ಕೆಲಸ ಬಲ್ಲವರು.

ವೆಬ್‌ಸೈಟ್ ವಿಷಯಕ್ಕೆ ಬಂದರೆ, ಡೊಮೈನ್ ಹೆಸರನ್ನು (ವೆಬ್‌ಸೈಟಿನ ವಿಳಾಸ) ಎಂದಿಗೂ ‘ನೀವೇ ತಗೊಂಡುಬಿಡಿ’ ಎಂದು ಬಿಡಬಾರದು. ವರ್ಷಕ್ಕೆ ಸಾವಿರದ ಆಸುಪಾಸಿನ ಖರ್ಚು. ನಿಮ್ಮ ಇಮೇಲ್, ನಿಮ್ಮ ಕಾರ್ಡ್, ನಿಮ್ಮ ಸಂಸ್ಥೆಯ ಹೆಸರಿನಲ್ಲಿ ನೀವೇ ಕೊಳ್ಳಿ. ಡೆವಲಪರ್‌ಗೆ ಬೇಕಿರುವುದು ಡಿಎನ್‌ಎಸ್ (ಆ ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂಬ ಸೂಚನೆ) ಬದಲಿಸುವ ಅವಕಾಶ ಅಷ್ಟೇ; ಎಷ್ಟೋ ಕಂಪನಿಗಳಲ್ಲಿ ಅದನ್ನು ಪ್ರತ್ಯೇಕವಾಗಿ ಕೊಡಬಹುದು, ಇಲ್ಲದಿದ್ದರೆ ಅವರು ಹೇಳಿದ ನಾಲ್ಕು ಸಾಲನ್ನು ನೀವೇ ಹಾಕಿದರಾಯಿತು. ಈಗಾಗಲೇ ಅವರ ಖಾತೆಯಲ್ಲಿದ್ದರೆ ವರ್ಗಾವಣೆ ಕೋಡ್ ಕೇಳಿ ಪಡೆಯಿರಿ. ಡಾಟ್ ಕಾಂ ಹೆಸರಾದರೆ ನೋಂದಾಯಿಸಿದ ಅಥವಾ ಹಿಂದೆ ವರ್ಗಾಯಿಸಿದ ದಿನದಿಂದ 60 ದಿನ ಸಾಮಾನ್ಯವಾಗಿ ಕದಲಿಸಲಾಗದು, ಅಷ್ಟು ಕಾಯಬೇಕು. ಅವಧಿ ಮುಗಿದು ಹೆಸರು ಅಳಿಸಿಹೋದ ಮೇಲೂ ಡಾಟ್ ಕಾಂಗೆ 30 ದಿನದ ವಿಮೋಚನಾ ಅವಧಿ ಇದೆಯಾದರೂ ಆಗ ಬಿಡಿಸಿಕೊಳ್ಳುವ ಶುಲ್ಕ ಮಾಮೂಲಿ ನವೀಕರಣದ ಎಷ್ಟೋ ಪಟ್ಟು. ಡೊಮೈನ್ ಹೋದರೆ ಅದರ ಮೇಲಿನ ಇಮೇಲ್‌ಗಳೂ ಹೋಗುತ್ತವೆ, ಬ್ಯಾಂಕ್‌ಗೆ ಕೊಟ್ಟ ವಿಳಾಸ ಅದೇ ಆಗಿದ್ದರೆ ಕಥೆ ಮುಗಿಯಿತು.

ಅಗ್ಗದ ವೆಬ್‌ಸೈಟ್ ಯಾಕೆ ಅಗ್ಗ ಎಂದೂ ಕೇಳಬೇಕು. ಒಂದೇ ಹೋಸ್ಟಿಂಗ್ ಖಾತೆಯಲ್ಲಿ ಹತ್ತಾರು ಗಿರಾಕಿಗಳ ಸೈಟ್ ತುಂಬಿರುತ್ತಾರೆ, ಒಂದಕ್ಕೆ ವೈರಸ್ ಹೊಕ್ಕರೆ ಉಳಿದವಕ್ಕೂ ಹರಡಬಹುದು. ದುಡ್ಡು ಕೊಟ್ಟು ಕೊಳ್ಳಬೇಕಾದ ವರ್ಡ್‌ಪ್ರೆಸ್ ಥೀಮ್‌ಗಳ ಕಳ್ಳ ಪ್ರತಿ ಬಳಸಿದ್ದರೆ ಅದರೊಳಗೆ ಮೊದಲೇ ಹಾಳು ಕೋಡ್ ಸೇರಿರುವ ಸಂಭವ ಹೆಚ್ಚು. ಅಪ್‌ಡೇಟ್ ಅಂತೂ ಬರುವುದೇ ಇಲ್ಲ. ಕೊನೆಯ ಕಂತು ಕೊಡುವ ಮುನ್ನ ಇಷ್ಟು ನಿಮ್ಮ ಕೈಲಿರಲಿ: ‘ಅಡ್ಮಿನಿಸ್ಟ್ರೇಟರ್’ ಮಟ್ಟದ ಲಾಗಿನ್, ಹೋಸ್ಟಿಂಗ್ ಲಾಗಿನ್, ಫೈಲ್ ಮತ್ತು ಡೇಟಾಬೇಸ್ ಎರಡೂ ಇರುವ ಪೂರ್ತಿ ಬ್ಯಾಕಪ್, ಥೀಮ್–ಪ್ಲಗಿನ್ ಲೈಸೆನ್ಸ್ ಯಾರ ಹೆಸರಲ್ಲಿ ಎಂಬ ಪಟ್ಟಿ. ಕೊಟ್ಟರು ಎಂದಷ್ಟೇ ನಂಬದೆ, ನಿಮ್ಮ ಫೋನಿನಿಂದಲೇ ಒಳಹೋಗಿ ಪಾಸ್‌ವರ್ಡ್ ಬದಲಿಸಿ, ಒಂದು ಸಾಲು ತಿದ್ದಿ ನೋಡಿ.

ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ಪ್ರೊಫೈಲ್‌ಗೂ ಇದೇ ಮಾತು. ‘ಪ್ರೈಮರಿ ಓನರ್’ ನೀವು, ಫ್ರೀಲಾನ್ಸರ್ ‘ಮ್ಯಾನೇಜರ್’. ಉಲ್ಟಾ ಆಗಿದ್ದರೆ ನಿಮ್ಮನ್ನು ಓನರ್ ಆಗಿ ಸೇರಿಸಲು ಹೇಳಿ. ಸೇರಿದ ಹೊಸಬರಿಗೆ ಮೊದಲ ಏಳು ದಿನ ಇತರರನ್ನು ತೆಗೆಯುವ, ಒಡೆತನ ವರ್ಗಾಯಿಸುವ ಅಧಿಕಾರ ಇರುವುದಿಲ್ಲ. ಹಾಗಾಗಿ ಜಗಳವಾಗುವ ಮುಂಚೆಯೇ ಈ ಕೆಲಸ ಆಗಬೇಕು. ಫೇಸ್‌ಬುಕ್, ಗೂಗಲ್ ಜಾಹೀರಾತಿನ ಹಣ ನಿಮ್ಮ ಕಾರ್ಡಿನಿಂದ ನೇರ ಹೋಗಲಿ. ‘ಇಪ್ಪತ್ತು ಸಾವಿರ ಕೊಡಿ, ಜಾಹೀರಾತೂ ನಾವೇ ಹಾಕ್ತೀವಿ’ ಎಂಬ ವ್ಯವಹಾರದಲ್ಲಿ ಜಾಹೀರಾತಿಗೆ ಎಷ್ಟು ಹೋಯಿತು, ಅವರ ಕೂಲಿ ಎಷ್ಟು ಎಂದು ತಿಳಿಯುವುದಿಲ್ಲ, ನಿಮ್ಮ ಹೆಸರಿಗೆ ತೆರಿಗೆ ಬಿಲ್ ಬರುವುದಿಲ್ಲ, ಯಾರು ನೋಡಿದರು ಎಂಬ ದಾಖಲೆಯೂ ಅವರ ಖಾತೆಯಲ್ಲೇ ಉಳಿಯುತ್ತದೆ.

ಇನ್ನು ವಿನ್ಯಾಸ. ಕನ್ನಡದಲ್ಲಿ ವ್ಯಾಪಾರ ಮಾಡುವವರಿಗೆ ಇಲ್ಲಿ ಬೇರೆಯದೇ ತಲೆನೋವಿದೆ. ನಮ್ಮ ಡಿಟಿಪಿ ಅಂಗಡಿಗಳು, ಡಿಸೈನರ್‌ಗಳು ಈಗಲೂ ಕೋರೆಲ್‌ಡ್ರಾದಲ್ಲಿ ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳನ್ನು ಬಳಸುವುದು ಮಾಮೂಲು. ಮುದ್ರಣಕ್ಕೆ ತೊಂದರೆಯಿಲ್ಲ, ಅಕ್ಷರ ಅಂದವಾಗಿಯೇ ಬರುತ್ತದೆ. ಆದರೆ ಅದೇ ಪಠ್ಯವನ್ನು ವೆಬ್‌ಸೈಟ್‌ಗೋ ವಾಟ್ಸ್‌ಆ್ಯಪ್‌ಗೋ ಅಂಟಿಸಿದರೆ ತಲೆಯ ಮೇಲೆ ಟೋಪಿ, ಕೆಳಗೆ ಬಾಲ ಸಿಕ್ಕಿಸಿಕೊಂಡ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ, ಯಾಕೆಂದರೆ ಒಳಗಿರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿರುವುದು. ಆದ್ದರಿಂದ ಕೆಲಸ ಕೊಡುವಾಗಲೇ ‘ಪಠ್ಯ ಯುನಿಕೋಡ್‌ನಲ್ಲಿ (ಎಲ್ಲಿ ಅಂಟಿಸಿದರೂ ಕನ್ನಡವಾಗಿಯೇ ಉಳಿಯುವ ಸಂಕೇತ) ಪ್ರತ್ಯೇಕ ಫೈಲ್ ಆಗಿ ಬೇಕು’ ಎಂದು ಬರೆಯಿರಿ. ಯುನಿಕೋಡ್‌ನಲ್ಲಿ ಮಾಡಿದರೂ ಒಂದು ಎಚ್ಚರ: ಫೋಟೊಶಾಪ್‌ನಂಥ ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೆ ನಿಲ್ಲುತ್ತದೆ. ‘ಅಕ್ಕಿ ಹಿಟ್ಟು’ ಎಂಬುದು ‘ಅಕ್‌ಕಿ ಹಿಟ್‌ಟು’ ಆಗಿ ಅಚ್ಚಾದ ಪ್ಯಾಕೆಟ್‌ಗಳನ್ನು ಅಂಗಡಿಯ ಕಪಾಟಿನಲ್ಲೇ ಕಾಣಬಹುದು. ಬೇರೆ ರಾಜ್ಯದ ಡಿಸೈನರ್‌ಗೆ ಕನ್ನಡ ಓದಲು ಬರದಿದ್ದಾಗ ಇದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಮೂಲ ಫೈಲ್ ಕೇಳುವುದನ್ನು ಬಹಳ ಜನ ಮರೆಯುತ್ತಾರೆ. ಪಿಡಿಎಫ್, ಜೆಪೆಗ್ ಬಂದರೆ ಕೆಲಸ ಮುಗಿಯಿತೆಂದು ಹಣ ಕೊಡುತ್ತಾರೆ. ಆರು ತಿಂಗಳಿಗೆ ಎಂಆರ್‌ಪಿ ಬದಲಾದಾಗ ಒಂದು ಅಂಕಿ ತಿದ್ದಲೂ ಅವರ ಕಾಲಿಗೇ ಬೀಳಬೇಕು. ತಿದ್ದಬಹುದಾದ ಫೈಲ್ (ಕೋರೆಲ್, ಇಲ್ಲಸ್ಟ್ರೇಟರ್, ಫೋಟೊಶಾಪ್ ಯಾವುದರಲ್ಲಿ ಮಾಡಿದ್ದಾರೋ ಅದು), ಬಳಸಿದ ಫಾಂಟ್‌ಗಳ ಹೆಸರು ಮತ್ತು ವಾಣಿಜ್ಯ ಬಳಕೆಗೆ ಪರವಾನಗಿ ಇದೆಯೇ ಎಂಬ ಮಾಹಿತಿ, ಮುದ್ರಣದ ಪಿಡಿಎಫ್, ಇವು ಒಟ್ಟಿಗೆ ಬರಬೇಕು. ಮುದ್ರಣದ ಫೈಲ್‌ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳ) ಬಣ್ಣದಲ್ಲಿ, ಚಿತ್ರಗಳು 300 ಡಿಪಿಐ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಬಣ್ಣ), ಅಕ್ಷರಗಳನ್ನು ಕರ್ವ್ (ಆಕಾರ) ಮಾಡಿರುವ ಪ್ರತಿ. ಕರ್ವ್ ಮಾಡದ ಪ್ರತಿ ಬೇರೆ ಇರಲಿ. ಕರ್ವ್ ಆದ ಅಕ್ಷರ ಬರೀ ಚಿತ್ರ, ಅದನ್ನು ತಿದ್ದಲಾಗದು. ಫೋನಿನ ಪರದೆಯಲ್ಲಿ ಹೊಳೆಯುವ ಹಸಿರು ಅಚ್ಚಿನಲ್ಲಿ ಮಂಕಾಗಿ ಬರುವುದು ಡಿಸೈನರ್ ತಪ್ಪಲ್ಲ, ಪರದೆಯ ಆರ್‌ಜಿಬಿಯ ಎಲ್ಲ ಬಣ್ಣ ಶಾಯಿಗೆ ಬರುವುದಿಲ್ಲ. ಅಚ್ಚಿಗೆ ಮುನ್ನ ಪ್ರೂಫ್ ಕಾಗದದ ಮೇಲೆ ನೋಡಿ. ಆಹಾರ ಪದಾರ್ಥವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ನಿವ್ವಳ ತೂಕ, ಗ್ರಾಹಕ ಸಂಪರ್ಕ ವಿಳಾಸ ಇವನ್ನು ಮಾಲೀಕರೇ ಟೈಪ್ ಮಾಡಿ ಕೊಡಬೇಕು, ಮಾಲೀಕರೇ ಓದಿ ಸಹಿ ಹಾಕಬೇಕು. ಹತ್ತು ಸಾವಿರ ಪೌಚ್ ಅಚ್ಚಾದ ಮೇಲೆ ಒಂದು ಅಂಕಿ ತಪ್ಪಿದೆ ಎಂದರೆ ಡಿಸೈನರ್‌ಗೆ ಕೊಟ್ಟ ಮೂರು ಸಾವಿರ ವಾಪಸ್ ಪಡೆದು ಏನು ಬಂತು?

ಹಣ ಕೊಟ್ಟಿದ್ದೇವೆ, ಆದ್ದರಿಂದ ಎಲ್ಲ ನಮ್ಮದೇ ಎಂಬ ನಂಬಿಕೆ ಕಾನೂನಿನ ಮುಂದೆ ಪೂರ್ತಿ ನಿಲ್ಲುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17 ಹೇಳುವುದು, ಮಾಡಿದವರೇ ಮೊದಲ ಒಡೆಯರು ಎಂದು. ಸಂಬಳದ ನೌಕರರು ಕೆಲಸದ ಭಾಗವಾಗಿ ಮಾಡಿದ್ದು ಮಾಲೀಕರದ್ದಾಗುತ್ತದೆ, ಫ್ರೀಲಾನ್ಸರ್ ಮಾಡಿದ್ದು ಹಾಗಲ್ಲ. ಹಣ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಪೇಂಟಿಂಗ್, ಮಾಡಿಸಿದ ವಿಡಿಯೊ ಚಿತ್ರಕ್ಕೆ ಮಾತ್ರ ಬೇರೆ ಒಪ್ಪಂದ ಇಲ್ಲದಿದ್ದರೆ ಹಣ ಕೊಟ್ಟವರೇ ಮೊದಲ ಒಡೆಯರು. ಬರಹ, ಅನುವಾದ, ಸಾಫ್ಟ್‌ವೇರ್ ಕೋಡ್ ಈ ವಿನಾಯಿತಿಯಲ್ಲಿಲ್ಲ. ಲೋಗೊ ಪೇಂಟಿಂಗ್ ಹೌದೋ ಅಲ್ಲವೋ ಎಂದು ವಾದಿಸುತ್ತ ಕೂರುವ ಬದಲು ಬರೆಸಿಕೊಳ್ಳುವುದೇ ವಾಸಿ. ಬರೆಸಿಕೊಳ್ಳುವಾಗಲೂ ಸೆಕ್ಷನ್ 19 ಗಮನಿಸಬೇಕು: ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಬೇಕು. ಅವಧಿ ಬರೆಯದಿದ್ದರೆ ಅದು ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬ್ಯಾಡಗಿ ಮೆಣಸಿನ ಪುಡಿಯನ್ನು ದುಬೈಗೆ ಕಳಿಸುವವರು ಇದನ್ನು ಎರಡು ಸಲ ಓದಲಿ. ಪಡೆದ ಹಕ್ಕನ್ನು ಒಂದು ವರ್ಷ ಬಳಸದೆ ಇದ್ದರೆ, ಬೇರೆ ರೀತಿ ಬರೆದಿರದಿದ್ದರೆ, ಅದು ಬಿದ್ದುಹೋಗುತ್ತದೆ. ಒಂದೇ ವಾಕ್ಯ ಸಾಕು: ‘ಪೂರ್ತಿ ಹಣ ಸಂದ ದಿನದಿಂದ ಈ ಕೆಲಸದ ಎಲ್ಲ ಕೃತಿಸ್ವಾಮ್ಯ ಹಕ್ಕುಗಳನ್ನು, ಹಕ್ಕಿನ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ, ಬಳಸಿದರೂ ಬಳಸದಿದ್ದರೂ ರದ್ದಾಗದಂತೆ, ಗಿರಾಕಿಗೆ ವರ್ಗಾಯಿಸಿದ್ದೇನೆ.’ ‘ಪೂರ್ತಿ ಹಣ ಸಂದ ದಿನದಿಂದ’ ಎಂಬ ಮಾತು ಫ್ರೀಲಾನ್ಸರ್‌ಗೂ ರಕ್ಷಣೆ. ಇದನ್ನು ವಾಟ್ಸ್‌ಆ್ಯಪ್‌ನಲ್ಲಿ ‘ಓಕೆ’ ಎನ್ನಿಸಿಕೊಂಡರೆ ಸಾಲದು, ಕಾಗದದ ಮೇಲೆ ಸಹಿ ಅಥವಾ ಆಧಾರ್ ಇ–ಸಹಿ ಮಾಡಿಸಿ.

ಕ್ಯಾನ್ವಾದಲ್ಲಿ ಸಿಗುವ ಸಿದ್ಧ ಚಿತ್ರವನ್ನು ಎತ್ತಿ ಲೋಗೊ ಮಾಡಿಕೊಟ್ಟರೆ ಟ್ರೇಡ್‌ಮಾರ್ಕ್‌ಗೆ ತೊಡಕು. ಆ ಚಿತ್ರ ಇನ್ನೂ ಸಾವಿರ ಜನ ಬಳಸಬಹುದಾದದ್ದು, ಅದರ ಪರವಾನಗಿಯೂ ಅಂಥ ಬಳಕೆಗೆ ಒಪ್ಪುವುದಿಲ್ಲ. ಆನ್‌ಲೈನ್ ಟ್ರೇಡ್‌ಮಾರ್ಕ್ ಅರ್ಜಿಗೆ ವ್ಯಕ್ತಿಗಳಿಗೆ, ಉದ್ಯಮ್ (ಕೇಂದ್ರದ ಸಣ್ಣ ಉದ್ದಿಮೆಗಳ ಪೋರ್ಟಲ್) ನೋಂದಣಿ ಇರುವ ಸಣ್ಣ ಘಟಕಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ಉಳಿದವರಿಗೆ 9,000. ಅದನ್ನು ಕಟ್ಟುವ ಮೊದಲೇ ‘ಇದರಲ್ಲಿ ಏನೇನು ಹೊರಗಿನಿಂದ ತಂದದ್ದು, ಎಐನಿಂದ ಮಾಡಿದ್ದು’ ಎಂದು ಬರೆದುಕೊಡಲು ಕೇಳಿ.

ಅನುವಾದದ ದರವನ್ನು ಪುಟದ ಲೆಕ್ಕದಲ್ಲಿ ಮಾತಾಡಬೇಡಿ, ಪುಟ ಎಂಬುದಕ್ಕೆ ಅಳತೆಯಿಲ್ಲ. ಪದದ ಲೆಕ್ಕ, ಅದೂ ಮೂಲದ ಪದಗಳ ಲೆಕ್ಕ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ ಸಾವಿರ ಪದ ಕನ್ನಡಕ್ಕೆ ಬರುವಾಗ ಸಾಕಷ್ಟು ಇಳಿಯುತ್ತದೆ. ಕನ್ನಡ ಪದ ಎಣಿಸಿ ಹಣ ಕೊಟ್ಟರೆ ಅಡಕವಾಗಿ ಬರೆದವರಿಗೆ ನಷ್ಟ, ಎಳೆದವರಿಗೆ ಲಾಭ.

ಹಣ ಕೊಡುವ ವಿಷಯದಲ್ಲಿ ನಮ್ಮ ವ್ಯಾಪಾರಿಗಳ ನಡೆಯನ್ನೂ ಹೇಳದೆ ವಿಧಿಯಿಲ್ಲ. ಮಾರ್ವಾಡಿ ಅಂಗಡಿಯ ಬಾಕಿ ವಾರಕ್ಕೆ ತೀರಿಸುವವರು ಡಿಸೈನರ್ ಬಾಕಿಯನ್ನು ದೀಪಾವಳಿವರೆಗೆ ಎಳೆಯುತ್ತಾರೆ. ‘ಇನ್ನೊಂದು ಚೂರು ಚೇಂಜ್ ಇದೆ’ ಎಂಬ ಮಾತು ಬಾಕಿ ಎಳೆಯುವ ಉಪಾಯವೂ ಆಗಿದೆ. ಒಪ್ಪಿದ ದಿನ ಶೇ 30, ಕರಡು ತೋರಿಸಿದಾಗ ಶೇ 40, ಮೂಲ ಫೈಲ್ ಹಾಗೂ ಲಾಗಿನ್ ಹಸ್ತಾಂತರಿಸಿದಾಗ ಉಳಿದ ಶೇ 30 ಎಂಬುದು ಇಬ್ಬರಿಗೂ ನ್ಯಾಯವಾದ ಹಂಚಿಕೆ. ಎರಡು ಸುತ್ತಿನ ತಿದ್ದುಪಡಿ ದರದೊಳಗೆ, ಮೂರನೆಯದಕ್ಕೆ ಇಷ್ಟು ಎಂದು ಮೊದಲೇ ಬರೆಯಿರಿ. ಒಂದು ಸುತ್ತು ಎಂದರೆ ಎಲ್ಲ ತಿದ್ದುಪಡಿಗಳನ್ನು ಒಟ್ಟು ಮಾಡಿ ಒಂದೇ ಪಟ್ಟಿಯಾಗಿ ಕಳಿಸುವುದು. ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್, ರಾತ್ರಿ ಒಂದು ಫೋಟೊ ಅಲ್ಲ. ಒಪ್ಪಿಗೆ ಹೇಳುವವರು ಒಬ್ಬರೇ ಇರಬೇಕು. ಅಣ್ಣನಿಗೆ ಕೆಂಪು, ತಮ್ಮನಿಗೆ ನೀಲಿ, ಅತ್ತಿಗೆಗೆ ಎರಡೂ ಬೇಡ ಎನ್ನುವ ಮನೆಯಲ್ಲಿ ಯಾವ ಡಿಸೈನರ್ ತಾನೇ ಕೆಲಸ ಮುಗಿಸಿಯಾರು? ಕರಡು ಕಳಿಸಿ ಏಳು ದಿನ ಉತ್ತರ ಬರದಿದ್ದರೆ ಒಪ್ಪಿದಂತೆ ಎಂದೂ ಸೇರಿಸಬಹುದು, ಆಗ ಮಾಲೀಕರು ಫೋನ್ ನೋಡುತ್ತಾರೆ.

ಬಾಕಿ ಎಳೆಯುವುದಕ್ಕೆ ಈಗ ಕಾನೂನಿನ ದಂಡವೂ ಇದೆ. ಫ್ರೀಲಾನ್ಸರ್ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿದ್ದರೆ (ಆಧಾರ್, ಪ್ಯಾನ್ ಸಾಕು, ಶುಲ್ಕವಿಲ್ಲ) ಅವರೂ ಒಂದು ಸೂಕ್ಷ್ಮ ಉದ್ದಿಮೆ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆ ಅಭಿವೃದ್ಧಿ) ಕಾಯ್ದೆಯಂತೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಸಾಲದ್ದಕ್ಕೆ, ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಆ ವರ್ಷದ ಖರ್ಚಾಗಿ ತೋರಿಸಲಾಗದು, ನಿಜಕ್ಕೂ ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ ಹಿಡಿದು 43ಬಿ(ಎಚ್) ಎಂದು ಆಡಿಟರ್‌ಗಳು ಮಾರ್ಚ್ ತಿಂಗಳಲ್ಲಿ ಗೊಣಗುತ್ತಿದ್ದದ್ದು ಇದನ್ನೇ. ಬಾಯಿಮಾತಿನ ವ್ಯವಹಾರದಲ್ಲಿ ಗಡುವು 15 ದಿನಕ್ಕಿಳಿಯುವುದರಿಂದ ಕಾಗದ ಮಾಡಿಕೊಳ್ಳುವುದು ಹಣ ಕೊಡುವವರಿಗೇ ಹೆಚ್ಚು ಅನುಕೂಲ.

ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಗೊಂದಲ ಇನ್ನೊಂದು. ವೃತ್ತಿಪರ ಸೇವೆಗೆ ವರ್ಷಕ್ಕೆ 50,000 ರೂಪಾಯಿ ದಾಟಿದರೆ (2025ರ ಮಾರ್ಚ್‌ವರೆಗೆ ಈ ಮಿತಿ 30,000 ಇತ್ತು) ಶೇ 10, ತಾಂತ್ರಿಕ ಸೇವೆಯಾದರೆ ಶೇ 2 ಹಿಡಿಯಬೇಕು. ಬರೀ ಗುತ್ತಿಗೆ ಕೆಲಸವೆಂದು ಪರಿಗಣಿಸಿದರೆ ವ್ಯಕ್ತಿಗೆ ಶೇ 1. ಯಾವುದು ಯಾವ ಪಟ್ಟಿಗೆ ಎಂಬುದನ್ನು ವರ್ಷದ ಆರಂಭದಲ್ಲೇ ಆಡಿಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಮಾಲೀಕರು ಒಬ್ಬರೇ ನಡೆಸುವ ವ್ಯಾಪಾರವಾಗಿದ್ದು ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟಿರದಿದ್ದರೆ ಈ ತಾಪತ್ರಯವೇ ಇಲ್ಲ. ಲೆಕ್ಕ ಹೀಗೆ: ಕೆಲಸದ ಮೊತ್ತ 60,000, ಅವರಿಗೆ ಜಿಎಸ್‌ಟಿ ನೋಂದಣಿ ಇದ್ದು ಶೇ 18 ಬೇರೆಯಾಗಿ ತೋರಿಸಿದರೆ 10,800, ಬಿಲ್ 70,800. ಶೇ 10ರ ಟಿಡಿಎಸ್ ಹಿಡಿಯುವುದು 60,000ದ ಮೇಲೆ ಮಾತ್ರ, ಅಂದರೆ 6,000. ಕೈಗೆ ಕೊಡುವುದು 64,800. ಆ 6,000 ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು (ಮಾರ್ಚ್‌ನದ್ದಕ್ಕೆ ಏಪ್ರಿಲ್ 30). ಪ್ಯಾನ್ ಕೊಡದವರಿಗೆ ಶೇ 20 ಹಿಡಿಯಬೇಕಾಗುತ್ತದೆ. ಹಿಡಿಯದೆ ಬಿಟ್ಟರೆ ಆ ಖರ್ಚಿನ ಶೇ 30 ಭಾಗವನ್ನು ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲ. ವೃತ್ತಿಪರ ಸೇವೆಗೆ 194ಜೆ, ಗುತ್ತಿಗೆಗೆ 194ಸಿ ಎಂಬ ಹಳೆ ಸೆಕ್ಷನ್ ಸಂಖ್ಯೆಗಳು 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಬೇರೆ. ಹಿಡಿದ ಹಣ ನುಂಗಿದರು ಎಂದು ಫ್ರೀಲಾನ್ಸರ್‌ಗಳು ಕೋಪಿಸಿಕೊಳ್ಳಬೇಕಿಲ್ಲ, ಅದು ಅವರ ಪ್ಯಾನ್‌ಗೇ ಜಮೆಯಾಗಿ ಆದಾಯ ತೆರಿಗೆ ಪೋರ್ಟಲ್‌ನ ತೆರಿಗೆ ಜಮೆ ಪಟ್ಟಿಯಲ್ಲಿ ಕಾಣುತ್ತದೆ. ಕಾಣದಿದ್ದರೆ ಮಾತ್ರ ಕೇಳಬೇಕು, ಜೋರಾಗಿಯೇ ಕೇಳಬೇಕು.

ವರ್ಷಕ್ಕೆ 20 ಲಕ್ಷ ದಾಟದ ಸೇವಾದಾರರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ಬಿಲ್‌ನಲ್ಲಿ ಶೇ 18 ಸೇರಿಸಿದ್ದರೆ ಕೊಡಬೇಡಿ, ನಂಬರ್ ಕೊಟ್ಟಿದ್ದರೆ ಪೋರ್ಟಲ್‌ನಲ್ಲಿ ಜೀವಂತವಿದೆಯೇ ನೋಡಿ. ವಿದೇಶದ ಫ್ರೀಲಾನ್ಸರ್‌ಗೆ ಕೆಲಸ ಕೊಟ್ಟರೆ ತೆರಿಗೆಯನ್ನು ಕೊಂಡವರೇ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟಬೇಕು. ಡಾಲರ್‌ನಲ್ಲಿ ಅಗ್ಗವಾಗಿ ಸಿಕ್ಕಿತೆಂದು ಖುಷಿಪಡುವವರು ಇದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಹೆಸರಿಗೆ ಫ್ರೀಲಾನ್ಸರ್, ಕೆಲಸಕ್ಕೆ ನೌಕರ ಎಂಬ ಜಾಣತನ ಬೇಡ. ಬೆಳಿಗ್ಗೆ ಹತ್ತಕ್ಕೆ ಬರಬೇಕು, ರಜೆ ಕೇಳಬೇಕು, ಬೇರೆಯವರ ಕೆಲಸ ಮಾಡಬಾರದು, ತಿಂಗಳಿಗಿಷ್ಟು ಎಂದರೆ ತನಿಖೆ ಬಂದಾಗ ಕಾಗದದ ಮೇಲಿನ ಹೆಸರು ನೋಡುವುದಿಲ್ಲ; ಪಿಎಫ್, ಇಎಸ್‌ಐ ಹಿಂದಿನ ಬಾಕಿ ಸಮೇತ ಬರುತ್ತದೆ. ‘ನಮ್ಮ ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿಗೆ ಕೆಲಸ ಮಾಡಬಾರದು’ ಎಂದು ಬರೆಸುವುದೂ ವ್ಯರ್ಥ. ಕರಾರು ಕಾಯ್ದೆಯ ಸೆಕ್ಷನ್ 27ರಂತೆ ಅದು ಅಸಿಂಧು. ಗಿರಾಕಿಗಳ ಪಟ್ಟಿ, ದರ, ಪಾಕದ ಅಳತೆ ಹೊರಗೆ ಹೇಳಬಾರದು ಎಂಬ ಗೋಪ್ಯತೆಯ ಷರತ್ತು ನಿಲ್ಲುತ್ತದೆ, ಅದನ್ನು ಬರೆಸಿ.

ಇಷ್ಟನ್ನೂ ಹೇಳಿದರೆ ‘ಏಳು ಸಾವಿರದ ಕೆಲಸಕ್ಕೆ ವಕೀಲರ ಹತ್ತಿರ ಹೋಗಬೇಕಾ’ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಅಂತರ್ಜಾಲದಲ್ಲಿ ಸಿಗುವ ನಮೂನೆಗಳೆಲ್ಲ ಇಂಗ್ಲಿಷಿನಲ್ಲಿ, ಹನ್ನೆರಡು ಪುಟ, ಕೆಲವು ಅಮೆರಿಕದ ಕಾನೂನಿಗೆ ಬರೆದವು. ಕನ್ನಡದಲ್ಲಿ ಬರೆದ ಕರಾರು ಕಾನೂನಿನ ದೃಷ್ಟಿಯಲ್ಲಿ ಯಾವ ರೀತಿಯಲ್ಲೂ ಕಡಿಮೆಯದಲ್ಲ, ಆದರೆ ನಂಬಬಹುದಾದ ಕನ್ನಡ ನಮೂನೆ ಸುಲಭವಾಗಿ ಕೈಗೆ ಸಿಗುವುದಿಲ್ಲ. ಆದ್ದರಿಂದ ಕಾಸಿಯಾ (ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ), ಎಫ್‌ಕೆಸಿಸಿಐ (ರಾಜ್ಯ ವಾಣಿಜ್ಯೋದ್ಯಮ ಮಹಾಸಂಸ್ಥೆ) ಮತ್ತು ಜಿಲ್ಲಾ ವಾಣಿಜ್ಯೋದ್ಯಮ ಸಂಸ್ಥೆಗಳು ಸೇರಿ ಎರಡು ಪುಟದ ಒಂದು ನಮೂನೆ ತಯಾರಿಸಬೇಕು, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಉದ್ಯಮ್ ನೋಂದಣಿಗೆ ನೆರವು ಕೇಳಿ ಬರುವವರ ಕೈಗೆ ಅದನ್ನು ಕೊಡಬೇಕು ಎಂದು ಈ ಪತ್ರದ ಮೂಲಕ ಕೋರುತ್ತೇನೆ. ಮೊದಲ ಪುಟದಲ್ಲಿ ಕೆಲಸದ ವಿವರ, ಕಂತು, ಗಡುವು, ತಿದ್ದುಪಡಿ ಸುತ್ತು, ಒಪ್ಪಿಗೆ ಕೊಡುವವರ ಹೆಸರು, ಮೇಲೆ ಹೇಳಿದ ಹಕ್ಕಿನ ವಾಕ್ಯ. ಎರಡನೆಯ ಪುಟದಲ್ಲಿ ಬರೀ ಒಂದು ಕೋಷ್ಟಕ: ಖಾತೆಯ ಹೆಸರು, ಯಾರ ಇಮೇಲ್, ಯಾರ ಮೊಬೈಲ್, ಮೂಲ ಫೈಲ್ ತಲುಪಿದ ದಿನಾಂಕ, ಪಾಸ್‌ವರ್ಡ್ ಬದಲಿಸಿದ ದಿನಾಂಕ, ಇಬ್ಬರ ಸಹಿ. ಪಾಸ್‌ವರ್ಡನ್ನೇ ಆ ಕೋಷ್ಟಕದಲ್ಲಿ ಬರೆಯಬಾರದು ಎಂಬ ಸೂಚನೆಯೂ ಕೆಳಗೆ ದಪ್ಪ ಅಕ್ಷರದಲ್ಲಿರಲಿ, ಯಾಕೆಂದರೆ ಬರೆಯುವವರು ಇದ್ದೇ ಇರುತ್ತಾರೆ.

ಇಂತಿ,
ಸಣ್ಣ ಉದ್ದಿಮೆಗಳ ಲೆಕ್ಕ–ಕರಾರು ನೋಡುವ ಓದುಗರೊಬ್ಬರು
ದಾವಣಗೆರೆ